ಮಠದ ಜೀಪಿನ ಹೊಟ್ಟೆ ತೊಳೆದದ್ದು

ಹೊಳೆದಂಡೆಯ ಮಠದ ಹಳೇ ಜೀಪು ಏರಿನ ಅರ್ಧಕ್ಕೆ ಬಂದು, ಬುಸ್ಸೆಂದು ಹಬೆ ಉಗುಳಿ ನಿಂತಿತು.

ಒಳಗೆ ರತ್ನವ್ವ ಇದ್ದಳು. ತುಂಬು ಬಸುರಿ, ಹೆರಿಗೆಗೆಂದು ತವರಿಗೆ ಬಂದವಳು. ದವಾಖಾನೆಗೆ ತೋರಿಸಲು ಹೊರಟಿದ್ದಳು. ಜೀಪು ನಡೆಸುತ್ತಿದ್ದವನು ಅವಳ ಅಣ್ಣ ದುಂಡಪ್ಪ. ಹನ್ನೊಂದು ವರ್ಷದಿಂದ ಮಠದಲ್ಲೇ ಇರುವ ಶಿಷ್ಯ.

"ಇವತ್ತ ಇದು ಎಷ್ಟನೇ ಸಲಾ ನಿಂತಿದ್ದು, ಅಣ್ಣಾ?"

"ಮೂರನೇದ್ದು. ಚೂರು ತಣ್ಣಗಾಗಲಿ ತಡಿ, ತಂಗಿ."

"ಇದು ತಣ್ಣಗಾಗೂದ್ರಾಗ ನನ್ನ ಕೂಸು ಹುಟ್ಟಿ, ಸಾಲಿಗೂ ಹೋಗಿ ಬರತೈತಿ ನೋಡು."

ಕೊನೆಗೆ ದವಾಖಾನೆ ಮುಟ್ಟಿ ಇದನ್ನೇ ಹೇಳಿದಾಗ ಡಾಕ್ಟರಮ್ಮ ನಗಲಿಲ್ಲ. ಹೋದ ಹೆರಿಗೆಯಲ್ಲಿ ರತ್ನವ್ವನ ರಕ್ತ ಬಹಳ ಹೋಗಿತ್ತು. ಈ ಸಲ ನೋವು ಶುರುವಾದ ಕೂಡಲೇ ಕರೆತರಬೇಕು, ದಾರಿಯಲ್ಲಿ ತಡವಾದರೆ ಜೀವಕ್ಕೇ ಕುತ್ತು ಎಂದರು. ಇನ್ನು ಎಂಟು ಹತ್ತು ದಿನ ಎಂದೂ ಹೇಳಿದರು.

ಆ ಏರು ಹತ್ತುವ ಗಾಡಿ ಊರಿಗೆಲ್ಲ ಅದೊಂದೇ.

ಸಂಜೆ ದುಂಡಪ್ಪ ಗುರುಗಳ ಮುಂದೆ ಹೋಗಿ ಕೂತ. ಊರವರು ಅವರನ್ನು ಅಜ್ಜಾರು ಅನ್ನುತ್ತಿದ್ದರು. ಕಾವಿ ಉಡುವ ಮೊದಲು ಹದಿನೆಂಟು ವರ್ಷ ಲಾರಿ ನಡೆಸಿದವರು.

"ಅಜ್ಜಾರ, ಜೀಪು ಭಾಳ ಕಾಯತೈತ್ರೀ. ಆಶೀರ್ವಾದ ಮಾಡ್ರಿ."

"ರೇಡಿಯೇಟರ್ ತೊಳದು ಎಷ್ಟು ದಿನಾ ಆತು?"

ದುಂಡಪ್ಪ ಬೆರಳು ಮಡಿಸಿ ಎಣಿಸತೊಡಗಿದ.

"ಮೂರು ವರ್ಷದಿಂದ ಹೇಳಾಕತ್ತೀನಿ. ಒಮ್ಮೆ ಪೈಪಿಲ್ಲ ಅಂದಿ. ಒಮ್ಮೆ ಅಮಾಸಿ ಅಂದಿ. ನಾಳಿಗೆ ಏನಂತಿ?"

"ನಾಳಿಗೆ ಏನೂ ಅನ್ನೂದಿಲ್ರೀ."

ಬೆಳಿಗ್ಗೆ ಇಂಜಿನ್ ತಣ್ಣಗಿತ್ತು. ಅಜ್ಜಾರು ಕಾವಿಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ, ನಟ್ಟು ಬಿಚ್ಚುವ ಪಾನಾ ಹಿಡಿದು ಜೀಪಿನ ಮುಂದೆ ಕೂತರು. ದುಂಡಪ್ಪ ಒಳಗಿಂದ ತಾಮ್ರದ ಹಂಡೆ ಹೊತ್ತು ತಂದು ರೇಡಿಯೇಟರಿನ ಕೆಳಗೆ ಇಟ್ಟ.

"ಅಭಿಷೇಕದ ನೀರು ತುಂಬೂ ಹಂಡೆ ಅಲ್ಲೇನಲೇ ಇದು? ಇಲ್ಲಿ ಯಾಕ?"

"ನೀರು ನೆಲಕ್ಕ ಬೀಳಬಾರದ್ರೀ."

"ಜಂಗು ಹಿಡದ ನೀರು ನೆಲಕ್ಕ ಬಿದ್ರ ನೆಲ ಅಳತೈತೇನು?"

ದುಂಡಪ್ಪ ಹಂಡೆಯನ್ನು ಇನ್ನಷ್ಟು ಒಳಗೆ ಸರಿಸಿದ.

ಅಜ್ಜಾರು ತಳದ ನಲ್ಲಿ ತಿರುವಿದರು. ಹನಿ ನೀರೂ ಬರಲಿಲ್ಲ. ತಂತಿ ಹಾಕಿ ತಿವಿದರು. ಆಗ ಬಂತು, ಕೆಂಪಗೆ, ಹಳಸಿದ ಚಹಾದ ಹಾಗೆ. ಅದರ ಹಿಂದೆಯೇ ಬೂದು ಬಣ್ಣದ ರಾಡಿ ಇಳಿಯಿತು. ಗಂಜಿಯ ಹಾಗೆ ದಪ್ಪ. ಅದರಲ್ಲಿ ಕೊಳೆತ ಎಲೆಯ ಚೂರು.

ಅಜ್ಜಾರು ರಾಡಿಯನ್ನು ಎರಡು ಬೆರಳಲ್ಲಿ ತಿಕ್ಕಿ ನೋಡಿದರು. ಮೂಸಿದರು.

"ಕೆಂಪಂದು ಕಬ್ಬಿಣದ್ದು. ಈ ಬೂದಿ ಯಾರದು?"

"ನಿಮ್ಮದ್ರೀ."

"ನಂದಾ?"

"ನಿಮ್ಮ ಪಾದೋದಕರೀ, ಅಜ್ಜಾರ. ಸೋಮವಾರಕ್ಕೊಮ್ಮೆ ವಿಭೂತಿ, ಪತ್ರಿ ಏರಿಸಿ ನಿಮ್ಮ ಪಾದ ತೊಳೀತೀನಲ್ರೀ. ಆ ನೀರಿನ್ಯಾಗ ಒಂದು ತಂಬಿಗಿ ಇದಕ್ಕೂ ಹಾಕತಿದ್ದೆ."

"ಯಾವಾಗಿಂದ?"

"ಮೂರು ವರ್ಷಾತ್ರೀ. ಒಂದಿನ ಏರಿನ್ಯಾಗ ಹಿಂಗ ನಿಂತಿತ್ತು. ಬ್ಯಾರೆ ನೀರು ಇರಲಿಲ್ಲ. ಭಕ್ತರ ಮನಿಗೆ ಒಯ್ಯಾಕ ಬಾಟ್ಲಿಯಾಗ ಪಾದೋದಕ ಇತ್ತು, ಹಾಕಿದೆ. ಸರ್ರಂತ ಹತ್ತಿಬಿಡ್ತರೀ!"

"ನೀರು ಕಡಿಮಿ ಇತ್ತು. ನೀರು ಬಿತ್ತು. ಹತ್ತಿತು."

"ನೀವು ಹಂಗ ಅಂತೀರಿ."

"ಮತ್ತ ತೊಳಿಯಾಕ ಯಾಕ ಬಿಡಲಿಲ್ಲ?"

"ತೊಳದ್ರ ಅದು ನೆಲಕ್ಕ ಚೆಲ್ಲತೈತಿ. ಮಂದಿ ತುಳೀತಾರ. ಪಾಪ ನನಗ ಬರತೈತಲ್ರೀ."

ಅಜ್ಜಾರು ಟೈರಿಗೆ ಒರಗಿ ಹೊಟ್ಟೆ ಹಿಡಿದು ನಕ್ಕರು.

"ನಾ ಯಾರಂತ ನಿನ್ನ ಹೊಟ್ಟಿಗೆ ಗೊತ್ತೈತಿ. ಜೀಪಿನ ಹೊಟ್ಟಿಗೆ ಏನು ಗೊತ್ತಲೇ, ಹುಚ್ಚಪ್ಪಾ?"

ದುಂಡಪ್ಪನಿಗೆ ನಗು ಬರಲಿಲ್ಲ. ಹಂಡೆ ಎತ್ತಿಕೊಂಡು ಮಠದ ಹಿಂದಿನ ಬಿಲ್ವದ ಗಿಡದ ಕಡೆ ಹೊರಟ.

"ಆ ಗಿಡ ನಿನಗೇನು ಮಾಡೇತಿ? ಕೊಡು ಇಲ್ಲೆ."

ಅಜ್ಜಾರು ಹಂಡೆ ಕಸಿದುಕೊಂಡರು. ಬಾಗಿಲಾಚೆ ರಸ್ತೆಯಲ್ಲಿ ಒಂದು ತಗ್ಗಿತ್ತು. ದನ, ಆಡು, ಸೈಕಲ್ಲು ಎಲ್ಲ ಅದನ್ನು ದಾಟಿಯೇ ಹೋಗಬೇಕು. ಹಂಡೆಯನ್ನು ಅದರೊಳಗೆ ಬೋರಲು ಮಾಡಿದರು. ಆಮೇಲೆ ತಾವೇ ಬರಿಗಾಲಲ್ಲಿ ತಗ್ಗಿಗಿಳಿದು ನಾಲ್ಕು ಹೆಜ್ಜೆ ನಡೆದರು. ಹಿಮ್ಮಡಿ ಮುಳುಗುವಷ್ಟು ರಾಡಿ.

"ತುಳದೆ. ಪಾಪ ನನಗ ಬಂತು. ನೀ ಪೈಪು ತಾ."

ನೀರಿನ ದಾರಿಗೆ ಅಡ್ಡವಿರುವ ಥರ್ಮೋಸ್ಟಾಟ್ ಬಿಚ್ಚಿ ತೆಗೆದರು. ದುಂಡಪ್ಪ ಪೈಪನ್ನು ರೇಡಿಯೇಟರಿನ ಬಾಯಿಗೆ ಹಿಡಿದ.

"ಅಲ್ಲಲ್ಲ. ಕೆಳಗಿನ ಕೊಳವಿಗೆ ಹಚ್ಚು."

"ನೀರು ಮ್ಯಾಲಿಂದ ಅಲ್ಲೇನ್ರೀ ಬಿಡೂದು?"

"ಕಸ ಮ್ಯಾಲಿಂದ ಬಂದು ಸಿಕ್ಕೊಂಡೈತಿ. ಮತ್ತ ಮ್ಯಾಲಿಂದನ ದಬ್ಬಿದ್ರ ಇನ್ನೂ ಗಟ್ಟಿ ಕೂಡತೈತಿ."

ಕೆಳಗಿಂದ ನೀರು ಬಿಟ್ಟರು. ಮೇಲಿನ ಬಾಯಿಂದ ಕೆಂಪು, ಬೂದಿ, ಹಕ್ಕಳೆ ಹಕ್ಕಳೆಯಾಗಿ ತುಕ್ಕು ಎದ್ದು ಬಂತು. ತಾಸಿನ ಮೇಲೆ ನೀರು ತಿಳಿಯಾಯಿತು.

ದುಂಡಪ್ಪ ಕೈ ಒರೆಸಿಕೊಂಡ. "ಮುಗೀತ್ರೀ. ಕುಡಿಯೂ ನೀರಿನಂಗ ಆಗೇತಿ."

"ಬಟ್ಟಿ ಒಗಿಯೂ ಸೋಡಾ ಕಲಸಿ ನೀರು ತುಂಬು. ಇಂಜಿನ್ ಚಾಲು ಮಾಡು."

ಅರ್ಧ ತಾಸು ಇಂಜಿನ್ ಓಡಿತು. ಮೇಲಿನ ಪೈಪು ಮುಟ್ಟಲಾಗದಷ್ಟು ಕಾಯಿತು. ಬಂದ್ ಮಾಡಿದ ಕೂಡಲೇ ದುಂಡಪ್ಪ ಮುಚ್ಚಳಕ್ಕೆ ಕೈ ಹಾಕಿದ. ಅಜ್ಜಾರು ಪಟ್ಟನೆ ಕೈಗೆ ಹೊಡೆದರು.

"ಮುಖ ಸುಟಗೊಂಡು ತಂಗಿ ಮುಂದ ಹೋಗಾಂವ ಏನು? ಆರಲಿ."

ಆರಿದ ಮೇಲೆ ನಲ್ಲಿ ಬಿಟ್ಟರೆ, ಕಾಫಿಯಂಥ ಕರಿ ನೀರು.

"ಅಯ್ಯ! ಈಗಷ್ಟ ತಿಳಿ ಬಂದಿತ್ತಲ್ರೀ ಅಜ್ಜಾರ?"

"ತಣ್ಣಗ ಇದ್ದಾಗ ಎಲ್ಲಾರೂ ತಿಳಿನ, ತಮ್ಮಾ."

"ಹಂಗಾದ್ರ ಇನ್ನೆಷ್ಟು ಸಲಾ ಮಾಡೂದು?"

"ಕಾಯ್ದ ಮ್ಯಾಲೂ ತಿಳಿ ಬರೂತನಕ."

ಮರುದಿನವೂ ಅದೇ ಕೆಲಸ. ತುಂಬುವುದು, ಕಾಯಿಸುವುದು, ಆರುವುದನ್ನು ಕಾಯುವುದು, ಬಿಡುವುದು. ರತ್ನವ್ವ ರೊಟ್ಟಿ ಗಂಟು ಹಿಡಿದು, ಸೊಂಟಕ್ಕೆ ಕೈ ಕೊಟ್ಟು ಮೆಲ್ಲಗೆ ಬಂದಳು. ಪೈಪು ಬಿಚ್ಚಿ ಬಿದ್ದ ಜೀಪು ನೋಡಿ ಅವಳ ಮುಖ ಸಣ್ಣದಾಯಿತು.

"ಇವತ್ತ ನೋವು ಬಂದ್ರ ಏನು ಗತೀರೀ ಅಜ್ಜಾರ?"

"ಇನ್ನೊಂದು ದಿನಾ ತಡಕೋ ಅಂತ ಕೂಸಿಗೆ ಹೇಳವ್ವಾ."

"ಅದೇನು ನಿಮ್ಮ ಮಾತು ಕೇಳತೈತೇನ್ರೀ?"

"ಹನ್ನೊಂದು ವರ್ಷದ ಶಿಷ್ಯಾನ ಕೇಳೂದಿಲ್ಲ. ಇನ್ನೂ ಹುಟ್ಟದ ಕೂಸು ಏನು ಕೇಳೀತು!"

ಅವಳು ನಗುತ್ತ ಹೋದಳು. ದುಂಡಪ್ಪ ಮಾತ್ರ ರೊಟ್ಟಿ ಮುರಿಯದೆ ಕೂತಿದ್ದ.

"ನನ್ನ ಭಕ್ತಿ ತಪ್ಪೇನ್ರೀ, ಅಜ್ಜಾರ?"

ಅಜ್ಜಾರು ರೇಡಿಯೇಟರಿನ ಬಾಯೊಳಗೆ ಬೆರಳು ತೋರಿಸಿದರು. ಒಳಗೆ ಸಾಲಾಗಿ ಚಪ್ಪಟೆ ಕೊಳವೆಗಳು. ಒಂದರೊಳಗೆ ಜೋಳದ ಕಾಳು ಕೂಡ ತೂರದು.

"ಭಕ್ತಿ ಚಲೋ ಐತಿ. ಕೊಳವಿ ಸಣ್ಣದೈತಿ. ರೊಟ್ಟಿ ತಿನ್ನು."

ಐದನೇ ಸಲ ಕಾಯಿಸಿ ಬಿಟ್ಟಾಗ ನೀರು ತಿಳಿಯಾಗಿಯೇ ಬಂತು. ದುಂಡಪ್ಪ ಅಂಗೈಯಲ್ಲಿ ಹಿಡಿದು ಬಿಸಿಲಿಗೆ ಒಡ್ಡಿ ನೋಡಿದ. ಅಂಗೈಯ ಗೆರೆಗಳು ಕಂಡವು.

ಮೂರನೇ ದಿನ ಥರ್ಮೋಸ್ಟಾಟ್ ಮತ್ತೆ ಕೂರಿಸಿ, ಇಂಜಿನ್ ತಣಿಸುವ ಹಸಿರು ಕೂಲಂಟಿಗೆ ಬ್ಯಾಟರಿಗೆ ಹಾಕುವ ನೀರು ಬೆರೆಸಿ ತುಂಬಿದರು. ಖಾಲಿ ಜೀಪನ್ನು ದುಂಡಪ್ಪ ಏರಿನ ನೆತ್ತಿಯವರೆಗೆ ಒಯ್ದು ತಂದ. ಇಂಜಿನ್ನಿನ ಕಾವು ತೋರಿಸುವ ಮುಳ್ಳು ನಡುಮಧ್ಯದಿಂದ ಅಲುಗಿರಲಿಲ್ಲ.

"ಹೆಂಗೈತಿ?"

"ಖಾಲಿ ಗಾಡಿ ಇತ್ತಲ್ರೀ," ಅಂದ ದುಂಡಪ್ಪ. ಮನಸ್ಸು ಇನ್ನೂ ಒಪ್ಪಿರಲಿಲ್ಲ.

ಎರಡು ದಿನ ಬಿಟ್ಟು, ಸುಡು ಮಧ್ಯಾಹ್ನ, ಅವನು ಬರಿಗಾಲಲ್ಲಿ ಕೂತು ಜೀಪಿನ ಆಯಿಲ್ ಬದಲಿಸುತ್ತಿದ್ದ. ಹೊಸದು ತುಂಬಿ ಮುಚ್ಚಳ ಹಾಕುತ್ತಿದ್ದಾಗ ಓಣಿಯ ಹೆಂಗಸರು ರತ್ನವ್ವನನ್ನು ಹಿಡಿದು ನಡೆಸಿಕೊಂಡು ಬಂದರು. ಹೇಳಿದ ದಿನಕ್ಕಿಂತ ಮೊದಲೇ ನೋವು ಶುರುವಾಗಿತ್ತು. ಅವಳನ್ನು ಹಿಂದಿನ ಸೀಟಿನಲ್ಲಿ ಮಲಗಿಸಿದರು.

ದುಂಡಪ್ಪ ಎದ್ದ. ಗಡಿಬಿಡಿಯಲ್ಲಿ ಹಳೇ ಎಣ್ಣೆಯ ಬೋಗುಣಿಗೆ ಕಾಲು ಹಾಕಿದ. ಎರಡೂ ಕಾಲಿಗೆ ಮೊಣಕಾಲಿನವರೆಗೂ ಎಣ್ಣೆ ಸಿಡಿಯಿತು. ಒರೆಸಿಕೊಳ್ಳಲೂ ನಿಲ್ಲದೆ ಮಠದೊಳಗೆ ಓಡಿ, ತಂಬಿಗೆ ನೀರು, ಪತ್ರಿ, ವಿಭೂತಿ ಹಿಡಿದು ಬಂದು ಅಜ್ಜಾರ ಮುಂದೆ ಮಂಡಿಯೂರಿದ.

"ಪಾದ ಮುಂದ ಮಾಡ್ರಿ ಅಜ್ಜಾರ. ಇವತ್ತ ಒಂದ ಸಲಾ. ಒಂದ ತಂಬಿಗಿ."

"ಎಲ್ಲಿ ಹಾಕಾಂವ?"

"ಜೀಪಿಗೆ ಹಾಕೂದಿಲ್ರೀ, ಆಣಿ. ಬಾನೆಟ್ ಮ್ಯಾಲರ ಚಿಮುಕಸತೀನಿ. ತಂಗಿ ಜೀವದ ಪ್ರಶ್ನೆರೀ!"

ಜೀಪಿನೊಳಗಿಂದ ರತ್ನವ್ವ ಹಲ್ಲು ಕಚ್ಚಿ ಕೂಗಿದಳು. "ಅಣ್ಣಾ! ನಿನ್ನ ಪೂಜಿ ಮುಗಿಯೂದ್ರಾಗ ನಾ ಇಲ್ಲೇ ಹಡೀತೀನಿ ನೋಡು!"

ಅಜ್ಜಾರು ಅವನ ಕೈಯಿಂದ ತಂಬಿಗೆ ತೆಗೆದುಕೊಂಡರು. ರಟ್ಟೆ ಹಿಡಿದು ಎಬ್ಬಿಸಿ, ಎಳೆದೊಯ್ದು ಡ್ರೈವರ್ ಸೀಟಿನಲ್ಲಿ ಕೂಡಿಸಿದರು. ಅವನ ಕಾಲು ಎರಡೂ ಬಾಗಿಲಾಚೆ ಜೋತಾಡುತ್ತಿದ್ದವು.

ಅಜ್ಜಾರು ನೆಲಕ್ಕೆ ಕೂತರು. ತಂಬಿಗೆ ಬಗ್ಗಿಸಿ ಮೊದಲು ಅವನ ಬಲಗಾಲಿಗೆ ನೀರು ಹಾಕಿದರು, ಆಮೇಲೆ ಎಡಗಾಲಿಗೆ. ವಿಭೂತಿ ಉಜ್ಜಿ ಎಣ್ಣೆ ಎಳೆದರು. ಬೆರಳ ಸಂದಿ ತಿಕ್ಕಿದರು.

ದುಂಡಪ್ಪ ಕಾಲು ಹಿಂದೆಳೆದುಕೊಳ್ಳಲು ನೋಡಿದ. "ಅಜ್ಜಾರ! ಬ್ಯಾಡ್ರೀ! ನನ್ನ ಕಾಲು ನೀವು... ಬಿಡ್ರೀ!"

ನೀರು ನೆಲಕ್ಕೆ ಹರಿಯಿತು. ಅಜ್ಜಾರು ಕಾವಿಯ ಸೆರಗಿನಿಂದ ಅವನ ಅಂಗಾಲು ಒರೆಸಿ, ಕಾಲನ್ನು ಎತ್ತಿ ಜೀಪಿನೊಳಗೆ ಇಟ್ಟರು.

"ಎಣ್ಣಿ ಕಾಲು ಬ್ರೇಕಿನ ಮ್ಯಾಲ ಜಾರತೈತಿ. ನಡಿ."