ಮನೆಯವನ ಹಾಗೆ

ಕುರಿದೊಡ್ಡಿಯ ಯಜಮಾನ ಮುದಿ ಟಗರು, ಕಾವಲಿನ ಮುಖ್ಯಸ್ಥನಿಗೆ ಕಟ್ಟುವ ಗಂಟೆಯನ್ನು ಎಂಟು ವರ್ಷ ದೊಡ್ಡಿ ಕಾಯ್ದ ನಾಯಿಗೆ ಕೊಡದೆ, ತೋಳದ ವಾಸನೆಯೇ ತಿಳಿಯದ ತನ್ನ ಅಳಿಯನ ಕೊರಳಿಗೆ ಕಟ್ಟಿತು.

“ಯಜಮಾನರೇ, ನನಗೆ ಅಪ್ಪಣೆ ಕೊಡಿ. ಬೇರೆ ದೊಡ್ಡಿ ನೋಡಿಕೊಳ್ಳುತ್ತೇನೆ,” ಎಂದಿತು ನಾಯಿ.

“ಛೆ, ಬಿಟ್ಟು ಹೋಗುವ ಮಾತೇಕೆ? ನೀನೂ ನಮ್ಮ ಮನೆಯವನ ಹಾಗೇ ಅಲ್ಲವೇನೋ!” ಎಂದಿತು ಟಗರು.

ನಾಯಿ ಹೋಗಿ ದೊಡ್ಡಿಯ ಬಾಗಿಲಲ್ಲಿ ಕೂತಿತು.

ಮೂರನೆಯ ದಿನ ಹಾಡಹಗಲೇ ತೋಳ ಗಂಟೆಯ ಸದ್ದು ಹಿಡಿದು ಬಂತು. ಟಗರು ಓಡಿ ಬರುವಷ್ಟರಲ್ಲಿ ಅಳಿಯ ಇರಲಿಲ್ಲ. ರಕ್ತದಲ್ಲಿ ಗಂಟೆಯೊಂದೇ ಬಿದ್ದಿತ್ತು.

“ಇಲ್ಲೇ ಕೂತಿದ್ದೆಯಲ್ಲೋ! ಯಾಕೆ ಬೊಗಳಲಿಲ್ಲ?”

“ಕೂತಿದ್ದೆ ಯಜಮಾನರೇ,” ಎಂದಿತು ನಾಯಿ, “ಕಾವಲುಗಾರನ ಹಾಗೆ.”