ಸೈಲೆನ್ಸರ್ ಕೇಳಿದ ಕೊಡುಗೆ

ಆಯುಧಪೂಜೆಗೆಂದು ತೊಳೆದು ನಿಲ್ಲಿಸಿದ್ದ ಹಳೆಯ ಕಾರು ಗುರ್ ಎಂದು ಶುರುವಾಗುತ್ತಿತ್ತು, ತಕ್ಷಣ ನಿಂತುಬಿಡುತ್ತಿತ್ತು. “ಇನ್ನೊಂದು ಸಲ ನಿಂತರೆ ಪೂಜೆಯೂ ಇಲ್ಲ, ಏನೂ ಇಲ್ಲ, ಗುಜರಿಯೇ ಗತಿ” ಎಂದು ಯಜಮಾನ ಗುರುಬಸಯ್ಯ ಸಿಡುಕಿದ.

ಎಂಜಿನ್ನು ಬ್ಯಾಟರಿಯ ಮೇಲೆ ಹರಿಹಾಯ್ದಿತು: “ನೀನು ಕೊಡುವ ಕಿಡಿ ಸಾಲದು!” ಪೆಟ್ರೋಲ್ ಟ್ಯಾಂಕನ್ನೂ ಗದರಿತು: “ನೀನೂ ಜಿಪುಣ! ಇನ್ನಷ್ಟು ಕೊಡು!”

ಹಿಂದಿದ್ದ ಸೈಲೆನ್ಸರ್‌ಗೆ ರೋಗ ಯಾವುದೆಂದು ಚೆನ್ನಾಗಿ ಗೊತ್ತಿತ್ತು. ಗೊಗ್ಗರು ದನಿಯಲ್ಲಿ ಹೇಳಿತು: “ಅವರ ತಪ್ಪಿಲ್ಲ, ಎಂಜಿನಣ್ಣ. ತೊಳೆಯುವಾಗ ನೀರು ನುಗ್ಗದಿರಲೆಂದು ಯಜಮಾನರು ನನ್ನ ಬಾಯಿಗೆ ಬಟ್ಟೆ ತುರುಕಿ ಮರೆತಿದ್ದಾರೆ. ಒಳಗಿನ ಹೊಗೆ ಹೊರಗೆ ಹೋಗದೆ ಹೊಸ ಗಾಳಿಗೆ ಜಾಗವೆಲ್ಲಿ?”

“ಹೊಗೆ ಉಗುಳುವ ನೀನು ನನಗೆ ಬುದ್ಧಿ ಹೇಳುತ್ತೀಯಾ?”

“ಹೇಳುತ್ತೇನೆ. ಈ ಸಲ ಬೇಡುವುದನ್ನು ಬಿಡು. ಇದ್ದಬದ್ದ ಬಲವನ್ನೆಲ್ಲ ಹಾಕಿ ಹಿಂದಕ್ಕೆ ದಬ್ಬು.”

ಗುರುಬಸಯ್ಯ ಕೀಲಿ ತಿರುಗಿಸಿದ. ಎಂಜಿನ್ನು ದಬ್ಬಿತು. ಬಟ್ಟೆ ಢಬ್ ಎಂದು ಹಾರಿ ಗೋಡೆಗೆ ಬಡಿಯಿತು. ಕಾರು ನಿಲ್ಲದೆ ಗುನುಗತೊಡಗಿತು.

ಬಾನೆಟ್ಟಿನ ಮೇಲೆ ಹೂವಿನ ಹಾರ ಬಿದ್ದಾಗ ಎಂಜಿನ್ನಿಗೆ ನಾಚಿಕೆಯಾಯಿತು. “ನಿನಗೆ ನಾನೇನು ಕೊಡಲಿ, ತಮ್ಮಾ?”

“ಈಗ ಹೊಗೆ ಕೊಡುತ್ತಿದ್ದೀಯಲ್ಲ, ಅದನ್ನು ನಿಲ್ಲಿಸಬೇಡ. ಅಷ್ಟು ಸಾಕು” ಎಂದಿತು ಸೈಲೆನ್ಸರ್.