ಹೆಸರು ಕೇಳುತ್ತ ಓಡಿದವನು

ಹೊಳೆಯ ದಂಡೆಗೊಂದು ಮಠ. ಆ ಮಠದಲ್ಲಿ ಅಡವಯ್ಯಜ್ಜ ಎಂಬ ಗುರುಗಳು. ಊರಿಗೆಲ್ಲ ಅವರು ಅಜ್ಜಾರು. ಅವರ ಹತ್ತಿರ ಕಲಿಯಲು ಬಂದವನು ಬಾಳಪ್ಪ. ಮೈ ಗಟ್ಟಿ, ಮನಸ್ಸು ಮೆತ್ತಗೆ.

ಆ ವರ್ಷ ಬಾಳಪ್ಪನ ಅಕ್ಕ ದುಂಡವ್ವ ಸಾವಿನ ಬಾಗಿಲು ತಟ್ಟಿ ಬಂದಿದ್ದಳು. ಮೈಯಲ್ಲಿ ರಕ್ತ ಹುಟ್ಟುವುದೇ ನಿಂತುಹೋಗುವಂಥ ಕಾಯಿಲೆ. ಔಷಧ ಹಿಡಿಯುವ ತನಕ ಅವಳ ಜೀವ ಉಳಿಸಿದ್ದು ಯಾರ್ಯಾರೋ ಕೊಟ್ಟ ಹನ್ನೊಂದು ಬಾಟಲಿ ರಕ್ತ.

ಅಕ್ಕ ಮನೆಗೆ ಬಂದಳು. ಬಾಳಪ್ಪನ ನೆಮ್ಮದಿ ಮಾತ್ರ ಆಸ್ಪತ್ರೆಯಲ್ಲೇ ಉಳಿಯಿತು. ಧ್ಯಾನಕ್ಕೆ ಕೂತರೆ ಆ ಬಾಟಲಿಗಳೇ ಕಣ್ಣ ಮುಂದೆ ತೂಗುತ್ತಿದ್ದವು.

ಒಂದು ಮುಂಜಾನೆ ಅಜ್ಜಾರ ಮುಂದೆ ಬಂದು ನಿಂತ.

"ಅಜ್ಜಾರ, ಅಕ್ಕಗ ರಕ್ತ ಕೊಟ್ಟವ್ರ ಹೆಸರು ಬೇಕಾಗೇತ್ರಿ. ಆಸ್ಪತ್ರ್ಯಾಗ ಕೇಳಿದ್ರ ಹೇಳವಲ್ರು."

"ಹೆಸರು ತಗೊಂಡು ಏನ್ ಮಾಡ್ತಿ?"

"ಒಬ್ಬರದರ ಕಾಲು ಮುಟ್ಟಬೇಕ್ರಿ. ಅಲ್ಲೀತನಕ ನನ್ನ ಮನಸ್ಸು ಒಂದು ಕಡೆ ನಿಲ್ಲೂದಿಲ್ಲ."

"ನಿಲ್ಲದಿದ್ರ ಓಡು," ಎಂದರು ಅಜ್ಜಾರು, ಹೂ ಬಿಡಿಸುತ್ತಲೇ.

ಅಜ್ಜಾರು ಅಂದದ್ದು ತಮಾಷೆಗೋ ಏನೋ. ಬಾಳಪ್ಪನಿಗೆ ಮಾತ್ರ ಅದು ನಾಟಿತು.

ಮಠದಿಂದ ಜಿಲ್ಲೆಯ ಆಸ್ಪತ್ರೆಗೆ ನಲವತ್ತೆರಡು ಕಿಲೋಮೀಟರ್. ಪೇಟೆಯವರು ಅಷ್ಟು ದೂರ ಓಡುವುದಕ್ಕೆ ಮ್ಯಾರಥಾನ್ ಅನ್ನುತ್ತಾರೆ. ತಾನು ಅಷ್ಟೂ ದೂರ ಓಡುವುದು, ದಾರಿಯ ಊರಿನವರನ್ನು ರಕ್ತ ಕೊಡಲು ಕರೆಯುವುದು ಎಂದು ಬಾಳಪ್ಪ ನಿಶ್ಚಯಿಸಿದ. ಆಸ್ಪತ್ರೆಯವರೂ ಓಟದ ದಿನವೇ ರಕ್ತದಾನದ ಶಿಬಿರ ಇಡಲು ಒಪ್ಪಿದರು. ಒಳಗಿನ ಆಸೆ ಬೇರೆಯೇ ಇತ್ತು. ಸುದ್ದಿ ಪೇಪರಿನಲ್ಲಿ ಬರುತ್ತದೆ, ಆ ಹನ್ನೊಂದು ಮಂದಿಯಲ್ಲಿ ಒಬ್ಬರಾದರೂ ಓದಿ ಎದ್ದು ಬರುತ್ತಾರೆ.

ಎರಡು ತಿಂಗಳು ಹೊಳೆದಂಡೆಯ ಮರಳಿನಲ್ಲಿ ಓಡಿದ. ಅಜ್ಜಾರು ಕಟ್ಟೆಯ ಮೇಲೆ ಕೂತು ನೋಡುತ್ತಿದ್ದರು.

"ಬಾಳ್ಯಾ, ಊಟದ ಗಂಟಿ ಹೊಡದಾಗ ಇದಕ್ಕಿಂತ ಚಲೋ ಓಡ್ತಿಯಲ್ಲೋ!"

ಕಾರ್ತಿಕದ ಒಂದು ತಣ್ಣನೆಯ ಮುಂಜಾನೆ ಓಟ ಶುರುವಾಯಿತು. ಅಜ್ಜಾರು ನೀರಿನ ಡ್ರಮ್ಮಿನ ಜೊತೆ ಟಂಟಂ ಗಾಡಿ ಹತ್ತಿ ಹಿಂದೆ ಹೊರಟರು. ಹೊರಡುವಾಗ ಒಂದೇ ಮಾತು ಹೇಳಿದರು.

"ದಾರ್ಯಾಗ ಯಾರು ಏನ್ ಕೊಟ್ರೂ ಬ್ಯಾಡ ಅನಬ್ಯಾಡ."

ಮೊದಲು ಸಿಕ್ಕಿದ್ದು ಅಕ್ಕನ ಊರೇ. ದುಂಡವ್ವ ಚರಿಗೆಯಲ್ಲಿ ಮಜ್ಜಿಗೆ ಹಿಡಿದು ದಾರಿಯಲ್ಲಿ ನಿಂತಿದ್ದಳು. ಕೆನ್ನೆ ತುಂಬಿಕೊಂಡಿತ್ತು. ಬಾಳಪ್ಪ ಮಜ್ಜಿಗೆ ಕುಡಿದು ಅವಳನ್ನೇ ನೋಡುತ್ತ ನಿಂತ.

"ನನ್ನ ಮಾರಿ ಏನ್ ನೋಡ್ಕೋತ ನಿಂತಿ? ಓಡೋ!" ಎಂದಳು ಅಕ್ಕ.

ಮುಂದಿನ ಊರಲ್ಲಿ ಬಾಳೆಹಣ್ಣು ಬಂತು, ಅದರ ಮುಂದಿನ ಊರಲ್ಲಿ ಬೆಲ್ಲ, ನಿಂಬೆಹಣ್ಣಿನ ಪಾನಕ. ಬಾಳಪ್ಪ ಇಸಿದುಕೊಳ್ಳುತ್ತಿದ್ದ, ಆದರೆ ಕಣ್ಣು ಮುಖಗಳನ್ನು ಹುಡುಕುತ್ತಿತ್ತು. ನಿಂತವರನ್ನೆಲ್ಲ ಕೇಳುತ್ತಿದ್ದ.

"ಶ್ರಾವಣದಾಗ ದೊಡ್ಡಾಸ್ಪತ್ರ್ಯಾಗ ರಕ್ತ ಕೊಟ್ಟವ್ರು ಇಲ್ಲಿ ಯಾರರ ಅದೀರೇನ್ರಿ?"

ಒಬ್ಬ ದರ್ಜಿ ಕತ್ತರಿ ಹಿಡಿದುಕೊಂಡೇ ಅಂಗಡಿಯಿಂದ ಎದ್ದು ಬಂದ.

"ನಾ ಕೊಟ್ಟಿದ್ದೆ ನೋಡಪಾ. ಶ್ರಾವಣೋ ಆಷಾಢೋ ನೆನಪಿಲ್ಲ. ಮದ್ಲ ನೀರ್ ಕುಡಿ."

"ಯಾರಿಗೆ ಕೊಟ್ರಿ?"

"ಅದನ್ನ ಯಾರ್ ಕೇಳ್ಯಾರ?" ದರ್ಜಿ ಮತ್ತೆ ಹೊಲಿಗೆಗೆ ಕೂತ.

ಮೂವತ್ಮೂರನೇ ಕಿಲೋಮೀಟರಿನಲ್ಲಿ ಬಾಳಪ್ಪನ ಮೀನಖಂಡ ಕಲ್ಲಾಯಿತು. ಕಾಲುವೆಯ ಸೇತುವೆಯ ಮೇಲೆ ಕುಸಿದು ಕೂತ. ನೋವಿಗಿಂತ ಹೆಚ್ಚಾಗಿ ದುಃಖಕ್ಕೆ ಅತ್ತ.

"ಎಂಟು ಊರು ಮುಗದ್ವು, ಅಜ್ಜಾರ. ಒಬ್ಬರೂ ಸಿಗಲಿಲ್ಲ."

ಅಜ್ಜಾರು ಗಾಡಿಯಿಂದ ಇಳಿದು, ನೆಲದ ಮೇಲೆ ಕೂತು, ಅವನ ಕಾಲನ್ನು ತೊಡೆಯ ಮೇಲೆ ಎಳೆದುಕೊಂಡು ತಿಕ್ಕತೊಡಗಿದರು.

ಬಾಳಪ್ಪ ಗಾಬರಿಯಾದ. "ಅಜ್ಜಾರ! ನೀವು ನನ್ನ ಕಾಲು ಮುಟ್ಟಬಾರದ್ರಿ!"

"ಸುಮ್ನ ಕುಂದ್ರೋ. ಬ್ಯಾನಿ ಎಲ್ಲೈತೋ ಕೈ ಅಲ್ಲೇ ಹೋಗಬೇಕಲ್ಲ. ಇನ್ನ ಒಂಬತ್ತ ಉಳದಾವ. ಏಳು."

ಎದ್ದ. ಓಡಿದ ಅನ್ನುವುದಕ್ಕಿಂತ ಎಳೆದುಕೊಂಡು ಹೋದ ಅನ್ನಬೇಕು. ಆದರೂ ಕೊನೆಯ ಊರಿನಿಂದ ಹತ್ತಿಪ್ಪತ್ತು ಜನ ಜೊತೆಗೆ ಹೆಜ್ಜೆ ಹಾಕಿದರು, ಸೀರೆಯ ನೆರಿಗೆ ಎತ್ತಿ ಕಟ್ಟಿದ ಇಬ್ಬರು ಹೆಂಗಸರೂ ಸೇರಿ. ಅವರೊಳಗೆ ನಗು, ಹರಟೆ. ಅದರ ನಡುವೆ ಬಾಳಪ್ಪನ ಕಾಲು ಹೇಗೆ ಮುಂದೆ ಹೋಯಿತೋ ಅವನಿಗೇ ತಿಳಿಯಲಿಲ್ಲ.

ಆಸ್ಪತ್ರೆಯ ಅಂಗಳದಲ್ಲಿ ರಕ್ತ ಕೊಡುವವರ ಸಾಲು ಗೇಟು ದಾಟಿತ್ತು. ಹಾರ ಹಾಕಿದರು, ಫೋಟೋ ತೆಗೆದರು, ಪೇಪರಿನಲ್ಲೂ ಬಂತು. ದುಂಡವ್ವನಿಗೆ ರಕ್ತ ಕೊಟ್ಟವನು ನಾನೇ ಎಂದು ಯಾರೂ ಬರಲಿಲ್ಲ.

ತಾನಾದರೂ ಕೊಡೋಣವೆಂದು ಬಾಳಪ್ಪ ತೋಳು ಚಾಚಿದರೆ ನರ್ಸಮ್ಮ ನಕ್ಕಳು. "ನಿನ್ನ ಮೈಯಾಗ ಇವತ್ತ ಏನೈತಪಾ ಕೊಡಾಕ? ಹದಿನೈದು ದಿನ ಬಿಟ್ಟು ಬಾ."

ಅಜ್ಜಾರೂ ತೋಳೇರಿಸಿದರು.

"ನಿಮಗೆಷ್ಟು ವಯಸ್ಸು, ಅಜ್ಜಾರ?"

"ಎಪ್ಪತ್ತಾರು."

"ಹಂಗಾರ ಬಿಸ್ಕೀಟ್ ತಿಂದು ಹೋಗ್ರಿ."

ಅಜ್ಜಾರು ಬೇಸರವಿಲ್ಲದೆ ಎರಡು ತಿಂದರು.

ಎಳ್ಳು ಅಮಾವಾಸ್ಯೆಯ ಹೊತ್ತಿಗೆ ಬಾಳಪ್ಪ ಒಬ್ಬನೇ ಹೋಗಿ ರಕ್ತ ಕೊಟ್ಟು ಬಂದ. ಮೂರು ತಿಂಗಳು ಕಳೆದ ಮೇಲೆ ಎರಡನೇ ಸಲ ಹೊರಟಾಗ ಅಜ್ಜಾರೂ ಜೊತೆಗೆ ಬಂದರು. ಕೊಟ್ಟಾದ ಮೇಲೆ ಬಾಳಪ್ಪ ತೋಳಿಗೆ ಹತ್ತಿ ಒತ್ತಿಕೊಂಡು ಹೊರಗೆ ಬೆಂಚಿನ ಮೇಲೆ ಕೂತ. ಪಕ್ಕದಲ್ಲಿ ಅಜ್ಜಾರು.

ಆಗ ಒಬ್ಬ ನಡುವಯಸ್ಸಿನವನು ಪೇಡೆಯ ಡಬ್ಬಿ ಹಿಡಿದುಕೊಂಡು ಬಂದ. ಕಿಟಕಿಯ ಹತ್ತಿರ ಗೋಗರೆಯುತ್ತಿದ್ದ.

"ಎಳ್ಳಮಾಸಿ ಮುಂದ ನಮ್ಮವ್ವಗ ರಕ್ತ ಹಾಕಿದ್ರಿ. ಕೊಟ್ಟವ್ರ ಹೆಸರು ಹೇಳ್ರಿ, ಕಾಲಿಗೆ ಬಿದ್ದು ಹೋಗ್ತೀನಿ."

"ಹೆಸರು ಹೇಳೂ ಪದ್ಧತಿ ಇಲ್ರಿ," ಎಂದರು ಒಳಗಿನವರು.

ಅವನು ಬೆಂಚಿನ ಕಡೆ ತಿರುಗಿದ. ಕೂತವರನ್ನು ಒಬ್ಬೊಬ್ಬರನ್ನಾಗಿ ಕೇಳುತ್ತ ಬಂದ. ಬಾಳಪ್ಪನ ಮುಂದೆ ನಿಂತ.

"ತಮ್ಮಾ, ಎಳ್ಳಮಾಸಿ ಮುಂದ ನೀ ಏನರ ರಕ್ತ ಕೊಟ್ಟಿದ್ದೇನು?"

ಬಾಳಪ್ಪ ಸರಕ್ಕನೆ ಅಂಗಿಯ ತೋಳು ಇಳಿಸಿದ. ಕಿವಿ ಬಿಸಿಯಾದವು.

"ಅವ್ವಾರು ಈಗ ಊಟ ಮಾಡ್ತಾರೇನ್ರಿ?" ಎಂದ.

"ನಿನ್ನೆ ಎರಡು ರೊಟ್ಟಿ ತಿಂದ್ಲಪಾ! ಮ್ಯಾಲ ಚಟ್ನಿ ಖಾರ ಇಲ್ಲಂತ ಸೊಸಿಗೆ ಬೈದ್ಲು."

ಬಾಳಪ್ಪನಿಗೆ ಎಷ್ಟು ಸಂತೋಷವಾಯಿತೆಂದರೆ, ಮತ್ತೇನೂ ಹೇಳಬೇಕು ಅನ್ನಿಸಲೇ ಇಲ್ಲ. ಬಂದವನು ಎಲ್ಲರ ಕೈಯಲ್ಲೂ ಒಂದೊಂದು ಪೇಡೆ ಇಟ್ಟು, ಎಲ್ಲರಿಗೂ ಕೈಮುಗಿದು ಹೋದ.

ಅಜ್ಜಾರು ತಮ್ಮ ಪಾಲಿನದನ್ನು ನಿಧಾನಕ್ಕೆ ತಿಂದು, ಬೆರಳು ಒರೆಸಿಕೊಂಡರು.

"ಬಾಳ್ಯಾ, ನೀ ಊರೂರು ಓಡಿ ಹುಡುಕಿದಂಥವ್ರೊಳಗ ಒಬ್ಬಾಂವ ಇದೇ ಬೆಂಚಿನ ಮ್ಯಾಲ ಸಿಕ್ಕಾನ. ಕೇಳು ಅವನ್ನ, ಯಾಕ ಬಾಯಿ ಬಿಡಲಿಲ್ಲ ಅಂತ."